ಸೈಲೆನ್ಸರ್‌ನ ತುಕ್ಕು ಬೋಲ್ಟ್: ಎಣ್ಣೆಯೋ, ಬೆಂಕಿಯೋ, ಗರಗಸವೋ?

ನಮ್ಮ ಮನೆಯಲ್ಲಿರುವುದು ತೊಂಬತ್ತರ ದಶಕದ ಮಾರುತಿ 800. ಕಡಲು ಇಲ್ಲಿಂದ ಮೂರು ಕಿಲೋಮೀಟರ್. ಎಂಜಿನ್ ಇನ್ನೂ ಮೊದಲ ಸೆಲ್ಫ್‌ಗೇ ಎದ್ದುಬಿಡುತ್ತದೆ. ಆದರೆ ಕೆಳಗೆ ಮಲಗಿ ಸೈಲೆನ್ಸರ್‌ನ ಬೋಲ್ಟ್‌ಗಳನ್ನು ನೋಡಿದರೆ, ಮುಳುಗಿದ ದೋಣಿಯಿಂದ ಕಿತ್ತು ತಂದ ಹಾಗೆ ಕಾಣುತ್ತವೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಯಾವ 800 ಕೂಡ ಹೊಸದಲ್ಲ, ಯಾವುದರ ಬೋಲ್ಟ್ ಕೂಡ ಸುಮ್ಮನೆ ಬಿಚ್ಚಿಕೊಳ್ಳುವುದಿಲ್ಲ. ಸ್ಯಾಂಟ್ರೊ, ಇಂಡಿಕಾ, ಹಳೆಯ ಆಲ್ಟೊ ಇಟ್ಟುಕೊಂಡವರ ಕಥೆಯೂ ಇದೇ.

ಇಂಥ ಬೋಲ್ಟ್ ಬಿಡಿಸಲು ದಾರಿಗಳು ಹಲವು: ಎಣ್ಣೆ ಬಿಟ್ಟು ಕಾಯುವುದು, ಉದ್ದದ ಹಿಡಿ ಹಾಕಿ ಬಲ ಪ್ರಯೋಗಿಸುವುದು, ಬೆಂಕಿ ಕೊಡುವುದು, ಕೊನೆಗೆ ಕತ್ತರಿಸಿ ಎಸೆಯುವುದು. ಸಾಮಾನ್ಯವಾಗಿ ಇವನ್ನು ಮೆಟ್ಟಿಲುಗಳ ಹಾಗೆ ಹೇಳುತ್ತಾರೆ: ಮೊದಲು ಎಣ್ಣೆ, ಅದು ಆಗದಿದ್ದರೆ ಬಲ, ಅದೂ ಆಗದಿದ್ದರೆ ಬೆಂಕಿ. ನನಗೆ ಈ ಕ್ರಮದಲ್ಲಿ ನಂಬಿಕೆಯಿಲ್ಲ. ಎರಡು ದಿನ ಎಣ್ಣೆ ಬಿಟ್ಟು, ಬೆವರು ಸುರಿಸಿ, ಬೆರಳ ಗೆಣ್ಣು ತರಚಿಕೊಂಡು ನಾನು ಉಳಿಸಿದ ಒಂದು ಬೋಲ್ಟ್‌ನ ಬೆಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯೂ ಇರಲಿಲ್ಲ. ಅದನ್ನು ಹೇಗೂ ಮತ್ತೆ ಹಾಕುವಂತಿರಲಿಲ್ಲ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಹೇಗೆ ಬಿಚ್ಚುತ್ತದೆ’ ಎಂಬುದಲ್ಲ, ‘ಇದು ಮುರಿದರೆ ನನಗೇನು ನಷ್ಟ’ ಎಂಬುದು.

ಮೂರು ಜಾಗ, ಮೂರು ನ್ಯಾಯ

ಹಿಂದಿನಿಂದ ಮುಂದಕ್ಕೆ ಬನ್ನಿ. ಹಿಂಭಾಗದ ಡಬ್ಬಿಯ ಬಳಿ ಪೈಪುಗಳನ್ನು ಕೂಡಿಸುವ ಫ್ಲ್ಯಾಂಜ್ (ಪೈಪಿನ ತುದಿಯ ಚಪ್ಪಟೆ ಅಂಚು) ಮತ್ತು ಕ್ಲ್ಯಾಂಪ್‌ಗಳಲ್ಲಿ ಬೋಲ್ಟ್ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ನಟ್‌ನಲ್ಲಿ ಮುಗಿಯುತ್ತದೆ. ಮುರಿದರೆ ತೂತು ಖಾಲಿಯಾಯಿತು, ಅಷ್ಟೇ. ಇಲ್ಲಿ ಮುರಿಯುವುದು ಅನಾಹುತವಲ್ಲ, ಅದೂ ಒಂದು ವಿಧಾನ.

ಎರಡನೆಯದು ಮುಂಭಾಗದ ಪೈಪು ಮ್ಯಾನಿಫೋಲ್ಡ್‌ಗೆ, ಅಂದರೆ ಎಂಜಿನ್‌ನ ಹೊಗೆಯನ್ನು ಒಟ್ಟುಗೂಡಿಸುವ ಕವಲು ಕೊಳವೆಗೆ, ಸೇರುವ ಜಾಗ. ಇಲ್ಲಿ ಬೋಲ್ಟ್ ಅಥವಾ ಸ್ಟಡ್ (ತಲೆಯಿಲ್ಲದ, ತಿರುಪಿನ ಸರಳು) ಕೂತಿರುವುದು ಬೀಡು ಕಬ್ಬಿಣದಲ್ಲಿ. ಮುರಿದರೆ ಕಷ್ಟ, ಆದರೆ ಮ್ಯಾನಿಫೋಲ್ಡನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ದರೆ ಅವರು ಕೊರೆದು ಕೊಡುತ್ತಾರೆ. ಬೀಡು ಕಬ್ಬಿಣ ಬೆಂಕಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ.

ಮೂರನೆಯದು ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ಗೆ ಸೇರುವ ಸಾಲು. ಹೆಡ್ ಅಲ್ಯೂಮಿನಿಯಂ. ಸ್ಟಡ್ ಅದರೊಳಗೆ ಮುರಿದರೆ ಹೊರತೆಗೆಯಲು ಕೆಲವೊಮ್ಮೆ ಹೆಡ್ಡನ್ನೇ ಇಳಿಸಬೇಕಾಗುತ್ತದೆ, ಅಂದರೆ ಇಪ್ಪತ್ತು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಇಲ್ಲಿ ಮಾತ್ರ ಎರಡು ದಿನವಲ್ಲ, ಒಂದು ವಾರ ಕಾಯುವುದೂ ಲಾಭವೇ.

ಇನ್ನು ಮುಂದೆ ನಾನು ಹೋಲಿಸುವುದೆಲ್ಲ ಈ ಮೂರು ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಎಣ್ಣೆ

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಥ್ರೆಡ್‌ಗಳ (ತಿರುಪಿನ ಸುತ್ತುಗಳ) ನಡುವಿನ ಕೂದಲೆಳೆಯ ಸಂದಿನಲ್ಲಿ ಈ ಉಬ್ಬಿದ ತುಕ್ಕು ಬೆಣೆಯ ಹಾಗೆ ಕೂರುತ್ತದೆ. ಸೈಲೆನ್ಸರ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಬೋಲ್ಟ್‌ನ ಮೇಲಿರುವ ಸತುವಿನ ಲೇಪ 419 ಡಿಗ್ರಿಗೇ ಕರಗುತ್ತದೆ, ಮ್ಯಾನಿಫೋಲ್ಡ್ ಬಳಿ ಹಾಯುವ ಹೊಗೆ ಅದಕ್ಕಿಂತ ಬಹಳ ಬಿಸಿ. ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಮುಂದಿನ ಕೆಲಸ ಸುಲಭ. ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರಾದರೆ ಇನ್ನೂ ಕಷ್ಟ: ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಆವಿಯಾಗಿ ಹೊರಬೀಳುವಷ್ಟು ಪೈಪು ಬಿಸಿಯಾಗುವುದೇ ಇಲ್ಲ. ತರಕಾರಿ ತರಲು ಮಾತ್ರ ಹೊರಡುವ ಕಾರಿನ ಸೈಲೆನ್ಸರ್ ಒಳಗಿನಿಂದಲೇ ಕೊಳೆಯುತ್ತದೆ.

ಎಣ್ಣೆಯ ಕೆಲಸ ಈ ತುಕ್ಕಿನ ಸಣ್ಣ ರಂಧ್ರಗಳಲ್ಲಿ ಇಳಿಯುವುದು. ಎಲ್ಲರ ಮನೆಯಲ್ಲಿರುವ ನೀಲಿ ಹಳದಿ ಡಬ್ಬಿಯ ಡಬ್ಲ್ಯುಡಿ-40ನ್ನು 1953ರಲ್ಲಿ ರೂಪಿಸಿದ್ದು ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು. ಹೆಸರಿನಲ್ಲಿರುವ ಡಬ್ಲ್ಯು, ಡಿ ಎರಡೂ ಆ ಕೆಲಸವನ್ನೇ ಸೂಚಿಸುತ್ತವೆ. ಕಚ್ಚಿಕೊಂಡ ಬೋಲ್ಟ್‌ಗೆ ಇದು ಏನೂ ಮಾಡುವುದಿಲ್ಲ ಎಂದಲ್ಲ, ಆದರೆ ತುಕ್ಕಿನೊಳಗೆ ಇಳಿಯುವುದಕ್ಕೆಂದೇ ಮಾಡಿದ ಸ್ಪ್ರೇ ಇದಕ್ಕಿಂತ ಮೇಲು. ಗ್ಯಾರೇಜುಗಳಲ್ಲಿ ಆಟೊಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮ ಪಾಲು ಬೆರೆಸಿ ಬಳಸುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ಪ್ರತಿ ಬಾರಿ ಕುಲುಕಬೇಕು, ಅಸಿಟೋನ್ ಆವಿ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸುವುದು ಹಳೆಯ ಲಾರಿ ಮೆಕ್ಯಾನಿಕ್‌ಗಳ ಪದ್ಧತಿ, ನಿಧಾನ ಆದರೆ ಅಗ್ಗ. ಕರಾವಳಿಯವರು ಎಲ್ಲದಕ್ಕೂ ಹಚ್ಚುವ ತೆಂಗಿನೆಣ್ಣೆ ಇಲ್ಲಿ ಬೇಡ, ಬಿಸಿಗೆ ಅದು ಅಂಟಾಗುತ್ತದೆ.

ಯಾವ ಎಣ್ಣೆ ಎಂಬುದಕ್ಕಿಂತ ಹೇಗೆ ಬಿಡುತ್ತೀರಿ ಎಂಬುದು ಮುಖ್ಯ. ತಂತಿ ಬ್ರಷ್‌ನಿಂದ ಹೊರಗೆ ಚಾಚಿರುವ ಥ್ರೆಡ್‌ಗಳ ಪುಡಿಯನ್ನೆಲ್ಲ ಉಜ್ಜಿ ತೆಗೆಯಿರಿ. ಎಣ್ಣೆ ಬಿಡಿ. ಸಣ್ಣ ಸುತ್ತಿಗೆಯಿಂದ ನಟ್‌ನ ಬದಿಗೆ ಹತ್ತಿಪ್ಪತ್ತು ಬಾರಿ ತಟ್ಟಿ, ಬಡಿಯಬೇಡಿ. ಆ ಅದುರಿಗೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ, ಮೂರು ದಿನ ಹೀಗೆ ಮಾಡಿ. ನಡುವೆ ಕಾರನ್ನು ಒಂದು ಸುತ್ತು ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಬಿಟ್ಟರೆ ಇನ್ನೂ ಒಳ್ಳೆಯದು. ಮೂರನೆಯ ಜಾಗಕ್ಕೆ ಇದು ಕಡ್ಡಾಯ. ಎರಡನೆಯದಕ್ಕೆ ಒಂದು ರಾತ್ರಿ ಸಾಕು. ಮೊದಲನೆಯದಕ್ಕೆ ಎಣ್ಣೆ ಬಿಡುವುದು ಸಮಯ ಹಾಳು.

ಬಲ, ಮತ್ತು ಒಂದು ಮಿಲಿಮೀಟರ್‌ನ ಮೋಸ

ಮಾರುತಿಯೂ ಸೇರಿ ಜಪಾನೀ ವಿನ್ಯಾಸದ ಕಾರುಗಳಲ್ಲಿ ಎಂ8, ಅಂದರೆ ಎಂಟು ಮಿಲಿಮೀಟರ್ ದಪ್ಪದ, ಬೋಲ್ಟ್‌ನ ತಲೆಗೆ ಸಾಮಾನ್ಯವಾಗಿ 12 ಮಿಲಿಮೀಟರ್ ಸ್ಪ್ಯಾನರ್, ಎಂ10ಕ್ಕೆ 14. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ8 ಬೋಲ್ಟ್‌ಗೆ 13, ಎಂ10ಕ್ಕೆ 17, ಕೆಲವಕ್ಕೆ 16. ಮೂವತ್ತು ವರ್ಷದಲ್ಲಿ ನಾಲ್ಕು ಕೈ ದಾಟಿದ ಕಾರಿನಲ್ಲಿ ಒಂದೇ ಫ್ಲ್ಯಾಂಜ್‌ಗೆ ಎರಡು ಅಳತೆಯ ಬೋಲ್ಟ್‌ಗಳಿರುವುದು ಆಶ್ಚರ್ಯವೇನಲ್ಲ. 12ರ ತಲೆಯ ಮೇಲೆ 13 ಹಾಕಿ ತಿರುಗಿಸಿದರೆ ಅದು ಕೂತ ಹಾಗೆಯೇ ಅನಿಸುತ್ತದೆ, ಏಕೆಂದರೆ ತುಕ್ಕು ತಲೆಯನ್ನು ಉಬ್ಬಿಸಿರುತ್ತದೆ. ಒಮ್ಮೆ ಬಲ ಹಾಕಿದರೆ ಮೂಲೆಗಳೆಲ್ಲ ಉಂಡೆ. ಆದ್ದರಿಂದ ಮೊದಲು ತಲೆಯ ತುಕ್ಕು ಉಜ್ಜಿ, ಚಿಕ್ಕ ಅಳತೆಯಿಂದ ಪ್ರಯತ್ನಿಸಿ. ಸ್ವಲ್ಪ ಬಿಗಿಯಾದರೆ ಸುತ್ತಿಗೆಯಿಂದ ಬಡಿದು ಕೂರಿಸಿ.

ಇನ್ನೊಂದು ವಿಷಯ ಸಾಕೆಟ್‌ನ ಒಳಮೂಲೆಗಳದು. ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸಾಕೆಟ್‌ಗಳಲ್ಲಿ, ರಿಂಗ್ ಸ್ಪ್ಯಾನರ್‌ಗಳಲ್ಲಿ ಹನ್ನೆರಡು ಮೂಲೆಗಳಿರುತ್ತವೆ. ಅವು ನಟ್‌ನ ಮೂಲೆಯನ್ನಷ್ಟೇ ಹಿಡಿಯುತ್ತವೆ. ಆರು ಮೂಲೆಯ ಸಾಕೆಟ್ ಬದಿಯನ್ನೂ ಹಿಡಿಯುತ್ತದೆ. ಈ ಕೆಲಸಕ್ಕೆ ಒಂದೇ ಒಂದು ಉಪಕರಣ ಹೊಸದಾಗಿ ಕೊಳ್ಳುವುದಾದರೆ 12 ಮತ್ತು 14ರ ಆರು ಮೂಲೆಯ ಸಾಕೆಟ್‌ಗಳನ್ನೇ ಕೊಳ್ಳಿ. ತೆರೆದ ಬಾಯಿಯ ಸ್ಪ್ಯಾನರನ್ನು ಇಲ್ಲಿಗೆ ತರಲೇಬೇಡಿ.

ಹಿಡಿಗೆ ಪೈಪು ಸಿಕ್ಕಿಸುವವರಿಗೆ ಒಂದು ಸಣ್ಣ ಲೆಕ್ಕ. 8.8 ದರ್ಜೆಯ (ಗಟ್ಟಿತನದ ಗುರುತು) ಹೊಸ ಎಂ8 ಬೋಲ್ಟನ್ನು ಬಿಗಿಯುವುದೇ ಸುಮಾರು 25 ನ್ಯೂಟನ್ ಮೀಟರ್ ತಿರುಚುಬಲದಲ್ಲಿ. ಅರ್ಧ ಮೀಟರ್ ಪೈಪಿನ ತುದಿಗೆ ನೀವು 20 ಕಿಲೋ ಭಾರ ಹಾಕಿದರೆ ಅದು ಸುಮಾರು 100. ತುಕ್ಕು ತಿಂದು ಸಣಕಲಾದ ಬೋಲ್ಟ್ ಇದನ್ನು ತಾಳುವುದಿಲ್ಲ. ಹಾಗಾಗಿ ಉದ್ದ ಪೈಪು ಎಂಬುದು ಮೊದಲ ಜಾಗದಲ್ಲಿ ಬೇಕೆಂದೇ ಮುರಿಯುವ ಉಪಾಯ, ಮೂರನೆಯ ಜಾಗದಲ್ಲಿ ಶುದ್ಧ ಮೂರ್ಖತನ. ಅಲ್ಲಿ ಬೇಕಾದ್ದು ಗಿಡ್ಡ ಹಿಡಿ ಮತ್ತು ಕೈಗೆ ಬರುವ ಸೂಚನೆ. ಮೊದಲು ಒಂದು ಎಳೆಯಷ್ಟು ಬಿಗಿಯ ಕಡೆಗೇ ತಿರುಗಿಸಿ, ‘ಕಟ್’ ಎಂದು ತುಕ್ಕು ಬಿಟ್ಟ ಸದ್ದು ಬಂದರೆ ಸಡಿಲಿಸಿ. ಕಾಲು ಸುತ್ತು ಹೊರಗೆ, ಅದರರ್ಧ ಒಳಗೆ, ನಡುವೆ ಎಣ್ಣೆ. ಕೈಗೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಅನಿಸಿತೋ, ಅಲ್ಲೇ ನಿಲ್ಲಿಸಿ. ತಿರುಗುತ್ತಿರುವುದು ನಟ್ ಅಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ.

ನಟ್ ಬಿಡದೆ ಸ್ಟಡ್ ಸಮೇತ ಹೊರಬಂದರೆ ಬೇಸರ ಬೇಡ, ಅದಕ್ಕಿಂತ ಒಳ್ಳೆಯ ಫಲಿತಾಂಶವಿಲ್ಲ. ಹೊಸ ಸ್ಟಡ್ ಹಾಕಿದರಾಯಿತು. ಕಾರಿನ ಕೆಳಗೆ ಮಲಗಿದಾಗ ಎಡ ಬಲ ಅದಲು ಬದಲಾಗುವುದನ್ನೂ ನೆನಪಿಡಿ. ಹತ್ತು ನಿಮಿಷ ಶ್ರದ್ಧೆಯಿಂದ ಬಿಗಿ ಮಾಡಿ, ‘ಇದು ಬಿಚ್ಚುವುದೇ ಇಲ್ಲ’ ಎಂದು ಘೋಷಿಸಿದವರಲ್ಲಿ ನಾನೂ ಒಬ್ಬ.

ಬ್ಯಾಟರಿಯಿಂದ ಓಡುವ ಇಂಪ್ಯಾಕ್ಟ್ ರೆಂಚ್ ಇದ್ದರೆ ಎಂ10 ಮತ್ತು ಅದಕ್ಕಿಂತ ದಪ್ಪದ ಬೋಲ್ಟ್‌ಗಳಿಗೆ ಚೆನ್ನ; ಅದರ ಟಕಟಕ ಏಟಿಗೆ ತುಕ್ಕು ಒಡೆಯುತ್ತದೆ. ಎಂ8 ಸ್ಟಡ್‌ಗಳ ಮೇಲೆ ನಾನು ಬಳಸುವುದಿಲ್ಲ. ಅದಕ್ಕೆ ಸೂಚನೆ ಓದಲು ಬರುವುದಿಲ್ಲ.

ಬೆಂಕಿ

ಎಣ್ಣೆಗೂ ಬೆಂಕಿಗೂ ನೇರ ಸ್ಪರ್ಧೆ ಇಟ್ಟರೆ ಗೆಲ್ಲುವುದು ಬೆಂಕಿಯೇ. ನಟ್ಟನ್ನು ಒಳಗಿನ ಬೋಲ್ಟ್‌ಗಿಂತ 300 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಎಂ10ರ ತೂತು ಸುಮಾರು 0.036 ಮಿಲಿಮೀಟರ್ ಹಿಗ್ಗುತ್ತದೆ. ತಲೆಗೂದಲಿನ ದಪ್ಪದ ಅರ್ಧದಷ್ಟು. ಕೇಳಲು ಕ್ಷುಲ್ಲಕ, ಆದರೆ ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕು. ಗುಟ್ಟು ಇರುವುದು ವ್ಯತ್ಯಾಸದಲ್ಲಿ: ನಟ್ ಬೇಗ ಕಾಯಬೇಕು, ಬೋಲ್ಟ್ ತಣ್ಣಗಿರಬೇಕು. ಸಣ್ಣ ಜ್ವಾಲೆಯನ್ನು ಹತ್ತು ನಿಮಿಷ ಹಿಡಿದರೆ ಎರಡೂ ಒಟ್ಟಿಗೆ ಹಿಗ್ಗಿ ಪ್ರಯೋಜನವಿಲ್ಲ.

ಅಡುಗೆ ಮನೆಗೆಂದು ಮಾರುವ ಬ್ಯೂಟೇನ್ ಟಾರ್ಚ್ ಎಂ8 ನಟ್‌ಗೆ ಸಾಕಾಗುತ್ತದೆ, ದಪ್ಪ ಫ್ಲ್ಯಾಂಜ್‌ಗೆ ಅಂಟಿಕೊಂಡ ಎಂ10ಕ್ಕೆ ಏದುಸಿರು ಬಿಡುತ್ತದೆ. ಮನೆಯ ಅಡುಗೆ ಅನಿಲದ ಸಿಲಿಂಡರ್‌ಗೆ ಬರ್ನರ್ ಜೋಡಿಸುವ ಯೋಚನೆ ಬೇಡ, ಅಪಾಯವಷ್ಟೇ ಅಲ್ಲ, ಕಾನೂನು ಬಾಹಿರ ಕೂಡ. ಗ್ಯಾಸ್ ವೆಲ್ಡಿಂಗ್‌ನ ಜ್ವಾಲೆ 3,000 ಡಿಗ್ರಿ ದಾಟುತ್ತದೆ, ಅರ್ಧ ನಿಮಿಷದಲ್ಲಿ ನಟ್ ಕೆಂಪಗಾಗುತ್ತದೆ. ಅದು ಮನೆಯ ಸಾಮಾನಲ್ಲ. ಇನ್ನೊಂದಿದೆ, ಇಂಡಕ್ಷನ್ ಹೀಟರ್: ತಂತಿಯ ಸುರುಳಿಯನ್ನು ನಟ್‌ಗೆ ಹಾಕಿ ಗುಂಡಿ ಒತ್ತಿದರೆ ಜ್ವಾಲೆಯಿಲ್ಲದೆ ನಟ್ ಮಾತ್ರ ಕೆಂಪಾಗುತ್ತದೆ. ಪಕ್ಕದ ರಬ್ಬರ್, ವೈರು ಉಳಿಯುತ್ತವೆ. ಹೋಲಿಕೆಯಲ್ಲಿ ಇದೇ ಮೊದಲ ಸ್ಥಾನಕ್ಕೆ ಅರ್ಹ, ಆದರೆ ಬೆಲೆ ಹಲವು ಸಾವಿರ. ವರ್ಷಕ್ಕೊಮ್ಮೆ ಬಿಚ್ಚುವ ನಾಲ್ಕು ಬೋಲ್ಟ್‌ಗೆ ಅದು ಮೂಗಿಗಿಂತ ಮೂಗುತಿ ಭಾರ.

ನಟ್ ಬಿಸಿಯಾದ ಮೇಲೆ ಜ್ವಾಲೆ ತೆಗೆದು, ಥ್ರೆಡ್‌ಗೆ ಮೇಣದ ಬತ್ತಿ ಮುಟ್ಟಿಸಿ ನೋಡಿ. ಮೇಣ ಕರಗಿ ಒಳಕ್ಕೆ ಹೀರಿಕೊಳ್ಳುತ್ತದೆ. ಎಣ್ಣೆಯೊಂದಿಗೆ ಈ ಆಟ ಬೇಡ. ಎಣ್ಣೆ ಬಿಟ್ಟ ಬೋಲ್ಟನ್ನು ಒರೆಸದೆ ಬೆಂಕಿ ಹಿಡಿಯುವುದೂ ಬೇಡ. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ಬಗೆಯದಾದರೆ, ಬಿಸಿ ಲೋಹದ ಮೇಲೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಆ ಡಬ್ಬಿಯನ್ನು ಹತ್ತಿರವೇ ಇಡಬೇಡಿ.

ಬೆಂಕಿಗೆ ತಕ್ಕ ಜಾಗ ಎರಡನೆಯದು. ಮೊದಲನೆಯದರ ಹತ್ತಿರ ಪೆಟ್ರೋಲ್ ಟ್ಯಾಂಕ್ ಇದೆ, ಸೈಲೆನ್ಸರ್ ತೂಗುವ ರಬ್ಬರ್ ಬಳೆಗಳಿವೆ. ಮೂರನೆಯದರಲ್ಲಿ ಅಲ್ಯೂಮಿನಿಯಂ ಇದೆ, ಅದು ಉಕ್ಕಿನ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. 600 ಡಿಗ್ರಿಯ ಆಸುಪಾಸಿನಲ್ಲಿ ಸದ್ದಿಲ್ಲದೆ ಕುಸಿಯುತ್ತದೆ. ಅಲ್ಲಿ ಬೆಂಕಿ ಕೊಡಬೇಕಾದರೆ ಹೊರಗೆ ಚಾಚಿರುವ ನಟ್‌ಗೆ ಮಾತ್ರ, ಅದೂ ಕೆಂಪಾಗುವ ಮೊದಲೇ ನಿಲ್ಲಿಸಿ.

ಕತ್ತರಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತಾರೆ. ಹಿಂಭಾಗದ ಫ್ಲ್ಯಾಂಜ್‌ನ ವಿಷಯದಲ್ಲಿ ನನ್ನ ಅನುಭವ ತಿರುಗುಮುರುಗು: ಉಗುರು ಹಾಳಾಗುವ ಮೊದಲೇ ಕೊಡಲಿ ತೆಗೆದುಕೊಳ್ಳಿ.

ಆ್ಯಂಗಲ್ ಗ್ರೈಂಡರ್ ಅತಿ ವೇಗದ ದಾರಿ. ನಾಲ್ಕು ಇಂಚಿನ ತೆಳು ಬಿಲ್ಲೆ ಒಂದು ನಿಮಿಷದೊಳಗೆ ಬೋಲ್ಟನ್ನು ತುಂಡು ಮಾಡುತ್ತದೆ. ಆದರೆ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಆ ಬಿಲ್ಲೆ ನಿಮ್ಮ ಮುಖದಿಂದ ಒಂದಡಿ ದೂರದಲ್ಲಿರುತ್ತದೆ, ಕಿಡಿಗಳು ಟ್ಯಾಂಕಿನತ್ತ ಹಾರುತ್ತವೆ. ಗ್ಯಾಸ್ ಕಿಟ್ ಇರುವ ಕಾರಾದರೆ ಮನೆಯಲ್ಲಿ ಈ ಮಾತೇ ಎತ್ತಬೇಡಿ. ಪೆಟ್ರೋಲ್ ಕಾರಿನಲ್ಲೂ ಟ್ಯಾಂಕ್ ಬಳಿಯ ಬೋಲ್ಟ್‌ಗೆ ನನ್ನ ಆಯ್ಕೆ ಹ್ಯಾಕ್ಸಾ ಬ್ಲೇಡ್. ಫ್ರೇಮ್ ಹಿಡಿಸದ ಕಡೆ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಎಳೆಯಬಹುದು. ಬೈಮೆಟಲ್ ಬ್ಲೇಡ್ ಆದರೆ ಎಂ10ಕ್ಕೆ ಹದಿನೈದು ನಿಮಿಷ, ಒಂದಿಷ್ಟು ಬೈಗುಳ. ಕಿಡಿಯಿಲ್ಲ, ಗದ್ದಲವಿಲ್ಲ, ಮಧ್ಯಾಹ್ನ ಮಲಗಿದ ಪಕ್ಕದ ಮನೆಯವರ ದೂರೂ ಇಲ್ಲ.

ನಟ್ ಸ್ಪ್ಲಿಟರ್ ಎಂಬ ಸಣ್ಣ ಉಪಕರಣ ಬಹಳ ಮಂದಿಗೆ ಗೊತ್ತಿಲ್ಲ. ಉಂಗುರದಂಥ ಚೌಕಟ್ಟಿನೊಳಗೆ ಒಂದು ಉಳಿ. ನಟ್‌ಗೆ ತೊಡಿಸಿ ತಿರುಪು ಬಿಗಿದರೆ ನಟ್ ಹೋಳಾಗುತ್ತದೆ, ಸ್ಟಡ್ ಉಳಿಯುತ್ತದೆ. ಮೂರನೆಯ ಜಾಗದಲ್ಲಿ ಎಣ್ಣೆ ಸೋತಾಗ ಬೆಂಕಿಗಿಂತ ಮೊದಲು ನಾನು ಕೈ ಹಾಕುವುದು ಇದಕ್ಕೆ. ಒಂದೇ ತೊಡಕು, ಅದು ಹಿಡಿಸಲು ನಟ್‌ನ ಸುತ್ತ ಜಾಗ ಬೇಕು.

ಮುರಿದೇ ಹೋದರೆ

ತುಂಡು ಸ್ವಲ್ಪವಾದರೂ ಹೊರಗೆ ಚಾಚಿದ್ದರೆ ಅದಕ್ಕೊಂದು ಹೊಸ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸುವುದು ಉಳಿದೆಲ್ಲಕ್ಕಿಂತ ಮೇಲು. ವೆಲ್ಡಿಂಗ್‌ನ ಬಿಸಿಯೇ ತುಕ್ಕನ್ನು ಒಡೆಯುತ್ತದೆ, ನಟ್ ಹಿಡಿಯಲು ತಲೆಯಾಗುತ್ತದೆ. ವೆಲ್ಡರ್ ಬರುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿಡಿ.

ಒಳಗೇ ಮುರಿದಿದ್ದರೆ ಡ್ರಿಲ್. ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ಶುರು ಮಾಡಿ ಹಿಗ್ಗಿಸುತ್ತ ಹೋಗಬೇಕು. ಎಂ8ಕ್ಕೆ ಕೊನೆಯ ಅಳತೆ 6.8 ಮಿಲಿಮೀಟರ್. ಎಡಕ್ಕೆ ಕೊರೆಯುವ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ತಿರುಗಿ ಬರುವುದುಂಟು. ಅಂಗಡಿಯವರು ಕೊಡುವ ಈಜಿ ಔಟ್ ಎಂಬ ತಿರುಪಿನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಎಂಟು ಮಿಲಿಮೀಟರ್ ದಪ್ಪವಿದ್ದೂ ತಿರುಗದೆ ಮುರಿದ ಬೋಲ್ಟನ್ನು ಅದಕ್ಕಿಂತ ಸಣ್ಣ ತಿರುಪು ಹೊರಗೆಳೆಯುತ್ತದೆ ಎಂದು ನಂಬಲು ಧೈರ್ಯ ಬೇಕು. ಅದು ಒಳಗೆ ಮುರಿದರೆ ಗಟ್ಟಿ ಉಕ್ಕು, ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ.

ಹೆಡ್‌ನೊಳಗೆ ಮುರಿದ ಸ್ಟಡ್ಡನ್ನು ಮನೆಯಲ್ಲಿ ಮುಟ್ಟಬಾರದು ಎಂಬುದು ನನ್ನ ತೀರ್ಪು. ಡ್ರಿಲ್ ಅಲ್ಯೂಮಿನಿಯಂ ಕಡೆಗೆ ಜಾರುವುದು ಅರೆಕ್ಷಣದ ಮಾತು. ನುರಿತ ಲೇತ್ ಅಂಗಡಿಯವರು ಕೊರೆದು ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಕೂರಿಸಿ ಕೊಡುತ್ತಾರೆ. ಅಷ್ಟಕ್ಕೂ, ಎಣ್ಣೆ ಬಿಟ್ಟು ಮೂರು ದಿನವಾದರೂ ಹೆಡ್‌ನ ನಟ್‌ಗಳಲ್ಲಿ ಎರಡಕ್ಕಿಂತ ಹೆಚ್ಚು ನಟ್‌ಗಳು ಇನ್ನೂ ಕಚ್ಚಿಕೊಂಡೇ ಇದ್ದರೆ, ಮುರಿಯುವ ಮೊದಲೇ ಗ್ಯಾಸ್ ವೆಲ್ಡಿಂಗ್ ಇರುವ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದು ಜಾಣತನ. ಮುರಿದ ಮೇಲೆ ಎಳೆಸಿಕೊಂಡು ಹೋಗುವುದಕ್ಕೂ ಖರ್ಚಿದೆ.

ಇಷ್ಟೆಲ್ಲ ಮಾಡುವಾಗ ಕಾರು ನಿಂತಿರಬೇಕಾದದ್ದು ಗಟ್ಟಿ ನೆಲದಲ್ಲಿ, ಆ್ಯಕ್ಸಲ್ ಸ್ಟ್ಯಾಂಡ್‌ಗಳ (ಕಾರಿನ ಭಾರ ಹೊರುವ ಉಕ್ಕಿನ ಆಧಾರಗಳ) ಮೇಲೆ. ಕಾರಿನ ಜೊತೆ ಬಂದ ಜ್ಯಾಕ್ ಚಕ್ರ ಬದಲಿಸಲು ಮಾತ್ರ. ಕೆಂಪು ಕಲ್ಲು, ಸಿಮೆಂಟ್ ಇಟ್ಟಿಗೆ ಒಂದೂ ಬೇಡ. ಬಿಗಿ ಬೋಲ್ಟನ್ನು ಎಳೆಯುವಾಗ ಕಾರಿಗೇ ಅಡ್ಡ ಬಲ ಬೀಳುತ್ತದೆ. ಕಣ್ಣಿಗೆ ಕನ್ನಡಕ ಮರೆಯಬೇಡಿ, ತುಕ್ಕು ಉದುರುವುದು ನೇರ ಮುಖಕ್ಕೆ.

ಮತ್ತೆ ಜೋಡಿಸುವಾಗ

ಹಳೆಯ ಬೋಲ್ಟ್‌ಗಳನ್ನು ಗುಜರಿ ಡಬ್ಬಿಗೆ ಹಾಕಿ. ಮ್ಯಾನಿಫೋಲ್ಡ್ ಬಳಿ ಉಕ್ಕಿನ ಸ್ಟಡ್‌ಗೆ ಹಿತ್ತಾಳೆಯ ನಟ್ ಹಾಕಿದರೆ ಎರಡೂ ಒಂದಕ್ಕೊಂದು ತುಕ್ಕಿನಿಂದ ಕಚ್ಚಿಕೊಳ್ಳುವುದಿಲ್ಲ. ಸ್ಟೇನ್‌ಲೆಸ್ ಬೋಲ್ಟ್ ಹಿಂಭಾಗಕ್ಕೆ ಚೆನ್ನ, ಆದರೆ ಏನೂ ಹಚ್ಚದ ಸ್ಟೇನ್‌ಲೆಸ್ ನಟ್ ಮತ್ತು ಬೋಲ್ಟ್ ತುಕ್ಕಿಲ್ಲದೆಯೂ ಉಜ್ಜಿ ಬೆಸೆದುಕೊಳ್ಳುತ್ತವೆ. ಎರಡಕ್ಕೂ ತಾಮ್ರದ ಪುಡಿಯಿರುವ ಆ್ಯಂಟಿ ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ. ಹಚ್ಚಿದ ಮೇಲೆ ಬಿಗಿತ ಸ್ವಲ್ಪ ಕಡಿಮೆ ಇರಲಿ, ಜಾರುವ ಥ್ರೆಡ್ ಅದೇ ಕೈಬಲಕ್ಕೆ ಹೆಚ್ಚು ಬಿಗಿಯುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ. ಒಂದು ಸುತ್ತು ಓಡಿಸಿ ತಣಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಿ.

ಹದಿನೈದು ವರ್ಷ ದಾಟಿದ ಕಾರಾದರೆ ನೋಂದಣಿ ನವೀಕರಣಕ್ಕೆ ಹೊಗೆ ತಪಾಸಣೆ ಹೇಗೂ ಕಾದಿದೆ, ಸಂದು ಸೋರಬಾರದು. ಸೋರಿದ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಇರುತ್ತದೆ, ವಾಸನೆಯಿಲ್ಲದ ಅದು ಕಾರಿನೊಳಗೂ ಬರುತ್ತದೆ. ಪರೀಕ್ಷೆಗೆ ಯಂತ್ರ ಬೇಡ. ಕಾರನ್ನು ಬಯಲಲ್ಲಿ ನಿಲ್ಲಿಸಿ, ಎಲ್ಲೂ ಪೆಟ್ರೋಲ್ ಹನಿಯುತ್ತಿಲ್ಲ ಎಂದು ನೋಡಿಕೊಂಡು, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮುಂಭಾಗದ ಸಂದಿನ ಹತ್ತಿರ ಒಂದು ಊದುಬತ್ತಿ ಹಿಡಿಯಿರಿ. ಸೋರುವ ಕಡೆ ಹೊಗೆಯ ಎಳೆ ಪಟಪಟನೆ ಬಡಿದುಕೊಳ್ಳುತ್ತದೆ. ಹಿಂಭಾಗಕ್ಕೆ ಊದುಬತ್ತಿಯೂ ಬೇಡ; ಪೈಪಿನ ಬಾಯಿಗೆ ಎರಡು ಕ್ಷಣ ಒದ್ದೆ ಬಟ್ಟೆ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ, ನೀವು ಫ್ಲ್ಯಾಂಜ್‌ನ ಹತ್ತಿರ ಕಿವಿಯಿಟ್ಟು ‘ಸುಯ್’ ಎನ್ನುತ್ತದೆಯೇ ಕೇಳಿ.